ಅಮಲು, ಮಾದಕ, ಉದ್ದೀಪನ: ನಿದ್ದೆಗೆಡಿಸುವ ಡ್ರಗ್ಸ್‌ಗೆ ಯಾವ ಪದ?

ಗೆಳೆಯರೇ, ನಮಸ್ಕಾರ.

ಹಾಸ್ಟೆಲ್ ಹುಡುಗರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಕೊಕೇನ್, ಆಂಫೆಟಮೈನ್, ಮೆತ್ (ಮೆತಾಂಫೆಟಮೈನ್) ಇವು ದೇಹಕ್ಕೆ ಏನು ಮಾಡುತ್ತವೆ ಅನ್ನುವುದು ವಿಷಯ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ಇಂಗ್ಲಿಷಿನಲ್ಲಿ 'ಸ್ಟಿಮ್ಯುಲಂಟ್' ಅನ್ನುವ ಈ ಗುಂಪಿನ ಡ್ರಗ್ಸ್‌ಗೆ ಕನ್ನಡದಲ್ಲಿ ಏನನ್ನೋಣ?

ಪತ್ರಿಕೆಗಳು ಗಾಂಜಾ, ಹೆರಾಯಿನ್, ಕೊಕೇನ್ ಎಲ್ಲಕ್ಕೂ 'ಮಾದಕ ವಸ್ತು' ಅಥವಾ 'ಅಮಲು ಪದಾರ್ಥ' ಅಂತ ಬರೆಯುತ್ತವೆ. ಅಮಲು ಅಂದ ಕೂಡಲೇ ಕಣ್ಣಿಗೆ ಬರುವವನು ತೂರಾಡುವವನು, ತೊದಲುವವನು, ಕೊನೆಗೆ ಜಗಲಿ ಮೇಲೆ ಬಿದ್ದುಕೊಂಡವನು. ಕೊಕೇನ್, ಮೆತ್ ಮಾಡುವುದು ಇದಕ್ಕೆ ಉಲ್ಟಾ. ನಿದ್ದೆ ಹಾರಿಹೋಗುತ್ತದೆ, ಹಸಿವು ಸಾಯುತ್ತದೆ, ಮಾತು ಜಾಸ್ತಿಯಾಗುತ್ತದೆ. ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮೈ ಕಾಯುತ್ತದೆ.

ಸುಮ್ನೆ ಪದಕ್ಕೆ ಕ್ಯಾತೆ ತೆಗೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಅಮಲು ಅಂದರೆ 'ಇಳಿಯುತ್ತೆ ಬಿಡು' ಅನ್ನುವ ನಂಬಿಕೆಯೂ ಜೊತೆಗೇ ಬರುತ್ತದೆ. ನಿಂಬೆಹಣ್ಣಿನ ರಸ ಕುಡಿಸಿ ಮಲಗಿಸಿ, ಬೆಳಿಗ್ಗೆ ಸರಿಹೋಗ್ತಾನೆ ಅಂತೀವಿ, ಅಲ್ವಾ? ಮೆತ್ ತಗೊಂಡು ಎದೆ ಹಿಡಿದು ಕೂತವನನ್ನು, ಮೈ ಕೆಂಡವಾಗಿ ಬಡಬಡಿಸುವವನನ್ನು ಹಾಗೆ ಬಿಟ್ಟರೆ ಬೆಳಗಾಗುವುದರೊಳಗೆ ಹೃದಯಾಘಾತ, ಲಕ್ವ, ಫಿಟ್ಸ್ ಏನು ಬೇಕಾದರೂ ಆಗಬಹುದು. ಹೆರಾಯಿನ್ ಜಾಸ್ತಿಯಾದರೆ ನಲೋಕ್ಸೋನ್ ಅನ್ನುವ ಮರುಮದ್ದಿದೆ. ಕೊಕೇನ್, ಮೆತ್‌ಗೆ ಅಂಥದ್ದಿಲ್ಲ. ಆಸ್ಪತ್ರೆಯಲ್ಲಿ ಮೈ ತಣಿಸಿ, ಉದ್ವೇಗ ಇಳಿಸುವ ಔಷಧ ಕೊಟ್ಟು, ಹೃದಯವನ್ನು ಕಾಯುತ್ತಾ ಕೂರಬೇಕು. ಕೊಕೇನ್ ತಗೊಂಡ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ಸುಮಾರು 24 ಪಟ್ಟು ಎಂದು 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೇಳಿತ್ತು.

'ಉತ್ತೇಜಕ' ಸರಿಯಾದ ಅನುವಾದವೇ. ಆದರೆ ನಾವು ರೈತರಿಗೆ ಉತ್ತೇಜನ ಕೊಡುತ್ತೇವೆ, ಪ್ರತಿಭೆಗೆ ಉತ್ತೇಜನ ಕೊಡುತ್ತೇವೆ. ಪರೀಕ್ಷೆ ಹಿಂದಿನ ರಾತ್ರಿ ನಿದ್ದೆಗೆಡಬೇಕಾದ ಹುಡುಗನಿಗೆ 'ಉತ್ತೇಜಕ ಮಾತ್ರೆ' ಅಂದರೆ ಜಾಹೀರಾತಿನ ಹಾಗೇ ಕೇಳಿಸೀತು.

'ಉದ್ದೀಪನ' ನನಗೆ ಇಷ್ಟ. ಒಳಗೆ ದೀಪ ಹತ್ತಿಸುವುದು, ಉರಿ ಎಬ್ಬಿಸುವುದು. ಕಾವ್ಯಮೀಮಾಂಸೆಯಲ್ಲಿ ಬೆಳದಿಂಗಳು, ತಂಗಾಳಿ ಉದ್ದೀಪನ ವಿಭಾವಗಳು, ಅಂದರೆ ಭಾವವನ್ನು ಕೆರಳಿಸುವಂಥವು. ಆದರೆ ಈ ಪದವನ್ನು ಕ್ರೀಡಾಪುಟದವರು ಆಗಲೇ ಕೊಂಡೊಯ್ದಿದ್ದಾರೆ. ಮಾಂಸಖಂಡ ಬೆಳೆಸುವ ಸ್ಟೆರಾಯ್ಡ್ ಕೂಡ ಅಲ್ಲಿ 'ಉದ್ದೀಪನ ಮದ್ದು'. ಪದ ನಿಜವಾಗಿ ಹೊಂದುವುದು ಟಾಮ್ ಸಿಂಪ್ಸನ್‌ನಂಥವರ ಕಥೆಗೆ. 1967ರ ಜುಲೈ 13ರಂದು, ಟೂರ್ ಡಿ ಫ್ರಾನ್ಸ್‌ನಲ್ಲಿ, ಸುಡುಬಿಸಿಲಲ್ಲಿ ಮೋಂಟ್ ವೆಂಟೂ ಬೆಟ್ಟ ಹತ್ತುವಾಗ ಆ ಬ್ರಿಟಿಷ್ ಸೈಕಲ್ ಪಟು ಕುಸಿದು ಸತ್ತ. ವಯಸ್ಸು 29. ಮರಣೋತ್ತರ ಪರೀಕ್ಷೆಯಲ್ಲಿ ಆಂಫೆಟಮೈನ್ ಮತ್ತು ಆಲ್ಕೋಹಾಲ್ ಸಿಕ್ಕಿದವು. ಸುಸ್ತಾಗಿದೆ, ನಿಲ್ಲು ಅಂತ ದೇಹ ಹೇಳುವ ಮಾತನ್ನೇ ಆಂಫೆಟಮೈನ್ ಅಡಗಿಸಿಬಿಡುತ್ತದೆ.

ಇನ್ನು 'ಮಾದಕ'. ಇದನ್ನು ಬೈದುಕೊಂಡೇ ಶುರು ಮಾಡಿದೆ, ಆಮೇಲೆ ಯೋಚನೆ ಬದಲಾಯಿತು. ಮದವೇರಿದ ಆನೆ ತೂಕಡಿಸುವುದಿಲ್ಲ! ಉನ್ಮಾದವೂ ಅದೇ ಮೂಲದ್ದು. ಮೆತ್ ಚಟ ಬಲಿತವರಿಗೆ ಯಾರೋ ಹಿಂಬಾಲಿಸುತ್ತಿದ್ದಾರೆ, ಚರ್ಮದಡಿ ಹುಳ ಹರಿಯುತ್ತಿವೆ ಅನ್ನಿಸುವುದಕ್ಕೆ ಉನ್ಮಾದಕ್ಕಿಂತ ಬೇರೆ ಹೆಸರು ಬೇಕೇ? ಹಾಗೆ ನೋಡಿದರೆ ಮಾದಕ ಅನ್ನುವುದು ಹೆರಾಯಿನ್‌ಗಿಂತ ಇವಕ್ಕೇ ಹೆಚ್ಚು ಒಪ್ಪುತ್ತದೆ. ತೊಂದರೆ ಏನೆಂದರೆ ಈಗ ಸಿನಿಮಾ ಪುಟದಲ್ಲಿ ನೋಟವೂ ಮಾದಕ, ನಗುವೂ ಮಾದಕ.

(ಕಾನೂನೂ ಗೊಂದಲದಲ್ಲೇ ಇದೆ. ಡ್ರಗ್ಸ್ ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಕೊಕೇನನ್ನು ಅಫೀಮಿನ ಜೊತೆ 'ನಾರ್ಕೋಟಿಕ್' ಪಟ್ಟಿಗೆ ಸೇರಿಸಿದೆ. ಆ ಪದದ ಗ್ರೀಕ್ ಮೂಲದ ಅರ್ಥ ಜೋಮು ಹಿಡಿಯುವುದು. ಆಂಫೆಟಮೈನ್ ಮಾತ್ರ ಬೇರೆ ಪಟ್ಟಿಯಲ್ಲಿ, ಮನಸ್ಸಿನ ಮೇಲೆ ಕೆಲಸ ಮಾಡುವ ವಸ್ತುಗಳ ಜೊತೆ.)

ಇಷ್ಟರಲ್ಲಿ ಅಜ್ಜಿಯ ಮಾತು ನೆನಪಾಯಿತು. ಅಡಿಕೆ ಜಾಸ್ತಿಯಾಗಿ ಮೈ ಬಿಸಿಯೇರಿ, ಬೆವರಿ, ಎದೆ ಡವಡವ ಅಂದರೆ ನಮ್ಮ ಮಲೆನಾಡಿನ ಮನೆಯಲ್ಲಿ 'ಅಡಕೆ ಸೊಕ್ಕಿತು' ಅನ್ನುತ್ತಿದ್ದರು. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ರಾಸಾಯನಿಕ ಕೂಡ ಒಂದು ಉತ್ತೇಜಕವೇ. ಸೊಕ್ಕಿನಲ್ಲಿ ಅಹಂಕಾರದ ಅರ್ಥವೂ ಇದೆ. ಕೊಕೇನ್ ಕೊಡುವ 'ನನ್ನ ಬಿಟ್ಟರಿಲ್ಲ' ಅನ್ನುವ ಹಮ್ಮಿಗೆ ಅದೂ ಒಪ್ಪುತ್ತದೆ. 'ಸೊಕ್ಕುಮದ್ದು' ಅಂತ ಬರೆದರೆ ಹುಡುಗರು ನಗುತ್ತಾರಾ?

ಇನ್ನೆರಡು ಚಿಕ್ಕ ಪ್ರಶ್ನೆ. ಓವರ್‌ಡೋಸ್‌ಗೆ 'ಮಿತಿಮೀರಿದ ಸೇವನೆ' ಅಂದರೆ ಮಿತಿಯೊಳಗೆ ತಗೊಂಡರೆ ಪರವಾಗಿಲ್ಲ ಅಂತ ಆಗುತ್ತದೆ. ಕೊಕೇನ್ ಮೊದಲ ಸಲವೇ ಹೃದಯ ನಿಲ್ಲಿಸಬಹುದು. ಸದ್ಯ ಓವರ್‌ಡೋಸ್ ಅಂತಲೇ ಬಿಟ್ಟಿದ್ದೇನೆ. ಎರಡು ಮೂರು ದಿನ ನಿದ್ದೆಯಿಲ್ಲದೆ ಓಡಿದ ಮೇಲೆ ಬರುವ ಕುಸಿತಕ್ಕೆ, ಆ ಮಂಪರು, ಮಂಕು, ಬದುಕೇ ಬೇಡ ಅನ್ನಿಸುವ ಸ್ಥಿತಿಗೆ 'ಬಸವಳಿಕೆ' ಹಾಕಿದ್ದೇನೆ. ಸ್ವಲ್ಪ ಮೆದುವಾಯಿತೇನೋ.

ಕರಾವಳಿಯವರು, ಬಯಲುಸೀಮೆಯವರು ಹೇಳಿ: ಅಡಿಕೆಯೋ ಹೊಗೆಸೊಪ್ಪೋ ಹೀಗೆ ಏರಿದರೆ ನಿಮ್ಮ ಕಡೆ ಏನಂತಾರೆ?