ಎಲ್ಲ ಬ್ರಾಡ್‌ಬ್ಯಾಂಡ್‌ಗೂ ಒಂದೇ ಮೋಡೆಮ್: ಅನುಭವವಿದ್ದವರು ತಿಳಿಸಿ

ಪ್ರಶ್ನೆ
ನಾವು ಎಲೆಕ್ಟ್ರಾನಿಕ್ಸ್ ಅಂತಿಮ ವರ್ಷದ ವಿದ್ಯಾರ್ಥಿಗಳು. ಬಾಡಿಗೆ ಮನೆ ಬದಲಿಸಿದರೆ ಸಂಪರ್ಕದ ಬಗೆಯೂ ಬದಲಾಗಿ ಹಳೆಯ ಮೋಡೆಮ್ ಮೂಲೆಗೆ ಬೀಳುತ್ತದೆ. ಟೆಲಿಫೋನ್ ತಂತಿ, ಟಿವಿ ಕೇಬಲ್, ಫೈಬರ್ ಮೂರಕ್ಕೂ ಹೊಂದುವ ಒಂದೇ ಮೋಡೆಮ್ ಮಾಡುವ ಆಸೆ. ಎಲ್ಲಿ ಕಷ್ಟವಾಗುತ್ತದೆ?

ಉತ್ತರ: ಹಾರ್ಡ್‌ವೇರ್ ವಿನ್ಯಾಸಕಿ, ಬೆಂಗಳೂರು
ತಂತಿ ಬಂದು ಸೇರುವ ಜಾಗದಲ್ಲೇ ಕಷ್ಟ ಶುರು. ಟೆಲಿಫೋನ್ ಜೋಡಿ ತಂತಿಗೆ ಸುಮಾರು 100 ಓಮ್, ಟಿವಿ ಕೇಬಲ್‌ಗೆ 75 ಓಮ್ ಇಂಪೀಡೆನ್ಸ್ (ಸಂಕೇತಕ್ಕೆ ಎದುರಾಗುವ ತಡೆ) ಹೊಂದಿಕೆ ಬೇಕು. ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಆದ ಎಡಿಎಸ್‌ಎಲ್2+ ಬಳಸುವುದು 2.2 ಮೆಗಾಹರ್ಟ್ಸ್‌ವರೆಗೆ ಮಾತ್ರ. ಕೇಬಲ್ ಮೋಡೆಮ್‌ಗೆ 1,000 ಮೆಗಾಹರ್ಟ್ಸ್‌ವರೆಗಿನ ಸಂಕೇತ ಹಿಡಿಯುವ ಟ್ಯೂನರ್ ಇರಬೇಕು. ಫೈಬರ್‌ನಲ್ಲಿ ವಿದ್ಯುತ್ ಸಂಕೇತವೇ ಇಲ್ಲ: 1490 ನ್ಯಾನೊಮೀಟರ್ ಬೆಳಕು ಮನೆಗೆ ಬರುತ್ತದೆ, 1310 ನ್ಯಾನೊಮೀಟರ್ ಬೆಳಕು ಹೊರಗೆ ಹೋಗುತ್ತದೆ. ಚಿಪ್‌ನ ಲೆಕ್ಕಾಚಾರವನ್ನು ಸಾಫ್ಟ್‌ವೇರ್‌ನಿಂದ ಬದಲಿಸಬಹುದು. ಟ್ರಾನ್ಸ್‌ಫಾರ್ಮರ್, ಟ್ಯೂನರ್, ಲೇಸರ್‌ಗಳನ್ನು ಹಾಗೆ ಬದಲಿಸಲಾಗದು. ಮೂರನ್ನೂ ಕೂರಿಸಿದರೆ ಗ್ರಾಹಕರು ಮೂರಕ್ಕೂ ಹಣ ತೆತ್ತು ಒಂದನ್ನೇ ಬಳಸುತ್ತಾರೆ.

ಒಂದೇ ಮಾಧ್ಯಮದೊಳಗೆ ಕೂಡಿಸುವ ಪ್ರಯತ್ನಗಳು ಮಾತ್ರ ಗೆದ್ದಿವೆ. ಟೆಲಿಫೋನ್ ತಂತಿಯದೇ ಹೆಚ್ಚು ವೇಗದ ಬಗೆಯಾದ ವಿಡಿಎಸ್‌ಎಲ್2ರ ಎಷ್ಟೋ ಮೋಡೆಮ್‌ಗಳು ಎಡಿಎಸ್‌ಎಲ್‌ನಲ್ಲೂ ನಡೆಯುತ್ತವೆ. ಫೈಬರ್‌ನ ಎರಡು ಪದ್ಧತಿಗಳಾದ ಜಿಪಾನ್, ಇಪಾನ್‌ಗಳಿಗೆ ಬೆಳಕು ಒಂದೇ ಆದ್ದರಿಂದ ಎರಡನ್ನೂ ಗುರುತಿಸುವ ಎಕ್ಸ್‌ಪಾನ್ ಪೆಟ್ಟಿಗೆಗಳು ಸಿಗುತ್ತವೆ.

ಉತ್ತರ: ಫೈಬರ್ ತಂತ್ರಜ್ಞ, ಶಿವಮೊಗ್ಗ ಜಿಲ್ಲೆ
ಮೇಡಂ ಹೇಳಿದ್ದು ಸರಿ. ಆದರೆ ನಾನು ಕಂಡಂತೆ ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಜಿಪಾನ್‌ನಲ್ಲಿ ಒಂದೇ ಎಳೆಯನ್ನು ಸ್ಪ್ಲಿಟರ್ (ಬೆಳಕನ್ನು ಹಂಚುವ ಸಾಧನ) ಮೂಲಕ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಯಾವ ಮನೆಯ ಪೆಟ್ಟಿಗೆ ಯಾವ ಕ್ಷಣದಲ್ಲಿ ಕಳಿಸಬೇಕೆಂದು ನಮ್ಮ ಕಡೆಯ ಒಎಲ್‌ಟಿ ಎಂಬ ಯಂತ್ರ ಗೊತ್ತುಮಾಡುತ್ತದೆ. ಒಂದರ ಲೇಸರ್ ಸರದಿ ಮೀರಿ ಉರಿಯುತ್ತಲೇ ಇದ್ದರೆ ಆ ಎಳೆಯ ಅಷ್ಟೂ ಮನೆಗಳ ಸಂಪರ್ಕ ಕೆಡುತ್ತದೆ. ಅದು ಯಾರ ಮನೆಯದೆಂದು ತಿಳಿಯಲು ಸುರಿಯುವ ಮಳೆಯಲ್ಲಿ ಸ್ಪ್ಲಿಟರ್‌ನಿಂದ ಒಂದೊಂದೇ ಎಳೆ ಕಳಚಬೇಕು. ಆದ್ದರಿಂದಲೇ ಗುರುತಿಲ್ಲದ ಪೆಟ್ಟಿಗೆಯನ್ನು ನಾವು ಒಪ್ಪುವುದಿಲ್ಲ. ಬೆಳಕು ಮೈನಸ್ 20 ಡಿಬಿಎಂ, ಅಂದರೆ ಸಾಕಷ್ಟು ಬಲವಾಗಿ, ಬಂದರೂ ಸೀರಿಯಲ್ ಸಂಖ್ಯೆ ನೋಂದಣಿಯಾಗದಿದ್ದರೆ ಪೆಟ್ಟಿಗೆಯ ಪಾನ್ (ಫೈಬರ್ ಸಂಪರ್ಕದ) ದೀಪ ಮಿನುಗುತ್ತಲೇ ಇರುತ್ತದೆ. ನೋಂದಣಿಯಾದ ಮೇಲೂ ಬೇರೆ ತಯಾರಕರ ಒಎಲ್‌ಟಿಯೊಂದಿಗೆ ಸಂದೇಶಗಳು ಹೊಂದದೆ, ಇಂಟರ್ನೆಟ್ ಬಂದು ಫೋನ್ ಮಾತ್ರ ಬಾರದಿರುವುದುಂಟು.

ಪ್ರಶ್ನೆ ಕೇಳಿದವರು
ಹಾಗಾದರೆ ಈ ವಿಷಯವನ್ನೇ ಕೈಬಿಡಬೇಕೇ ಮೇಡಂ?

ವಿನ್ಯಾಸಕಿ
ಬೇಡ. ಎಲ್ಲವೂ ಒಂದರೊಳಗೇ ಇರಬೇಕೆಂಬ ಹಟವನ್ನಷ್ಟೇ ಬಿಡಿ. ರೂಟರ್, ವೈಫೈ ಎಲ್ಲ ಸಂಪರ್ಕಕ್ಕೂ ಸಮಾನ. ಅದನ್ನು ಗಟ್ಟಿಯಾಗಿ ಮಾಡಿ, ಹೊರಗಿನ ಲೈನ್‌ಗೆ ಒಂದು ಎಸ್‌ಎಫ್‌ಪಿ ಗೂಡು (ಚಿಕ್ಕ ಮಾಡ್ಯೂಲ್ ಸಿಕ್ಕಿಸಿ ತೆಗೆಯಬಹುದಾದ ಜಾಗ) ಇಡಿ. ವಿಡಿಎಸ್‌ಎಲ್2ಗೂ ಜಿಪಾನ್‌ಗೂ ಆ ಗೂಡಿನಲ್ಲಿ ಕೂರುವ ಮಾಡ್ಯೂಲ್‌ಗಳಿವೆ. ಅವು ಚೆನ್ನಾಗಿ ಬಿಸಿಯಾಗುತ್ತವೆ, ಗಾಳಿಯಾಡಲು ಜಾಗ ಬಿಡಿ. ಕೇಬಲ್‌ಗೆ ಬ್ರಿಜ್ ಮೋಡ್‌ನಲ್ಲಿಟ್ಟ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ) ಮೋಡೆಮ್‌ನಿಂದ ಈಥರ್ನೆಟ್ ತನ್ನಿ. ಪಿಪಿಪಿಒಇ (ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುವ ವಿಧಾನ) ಇರುವಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಬೈಟ್ ಎಂಬುದನ್ನು ಮರೆಯಬೇಡಿ.

ತಂತ್ರಜ್ಞ
ಫೈಬರ್ ಕನೆಕ್ಟರ್‌ನ ಬಣ್ಣವನ್ನೂ ನೋಡಿ. ಹಸಿರಿನ ತುದಿ 8 ಡಿಗ್ರಿ ಓರೆ, ನೀಲಿಯದು ಹಾಗಿಲ್ಲ. ಒಂದಕ್ಕೊಂದು ಒತ್ತಿ ಸೇರಿಸಿದರೆ ಬೆಳಕು ಸೋರುತ್ತದೆ. ಪರೀಕ್ಷೆಗೆ ಗ್ರಾಹಕರಿಲ್ಲದ ಒಎಲ್‌ಟಿ ಪೋರ್ಟ್ ಒಂದು ನಮ್ಮ ಕಚೇರಿಯಲ್ಲಿದೆ, ಬನ್ನಿ. ಜನ ಬಳಸುತ್ತಿರುವ ಎಳೆಗೆ ಮಾತ್ರ ಪ್ರಯೋಗದ ಪೆಟ್ಟಿಗೆ ಸಿಕ್ಕಿಸಬೇಡಿ.