ಅಪ್ಪನ ಹಳೇ ಯೆಜ್ಡಿ ಅರ್ಧ ದಾರಿಯಲ್ಲಿ ನಿಲ್ಲುತ್ತಿದೆ: ಎಂಜಿನ್ ಇಳಿಸಬೇಕಾ, ಮನೆಯಲ್ಲೇ ನೋಡಬಹುದಾ?

ಕೇಳಿದವರು, ಸಕಲೇಶಪುರ:

ಅಪ್ಪನ 1976ರ ಯೆಜ್ಡಿ 250 ಬೈಕು. ಒಂಬತ್ತು ವರ್ಷ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ಬ್ಯಾಟರಿ, ಪ್ಲಗ್ಗು, ಟೈರು ಹೊಸದು ಹಾಕಿಸಿ ಮಳೆಗಾಲ ಮುಗಿದ ಮೇಲೆ ಸ್ಟಾರ್ಟ್ ಮಾಡಿದೆವು. ತಣ್ಣಗಿದ್ದಾಗ ಎರಡನೇ ಕಿಕ್ಕಿಗೇ ಎದ್ದುಬಿಡುತ್ತದೆ. ಆರೇಳು ಕಿಲೋಮೀಟರ್ ಹೋದ ಮೇಲೆ ಉಸಿರು ಕಟ್ಟಿದ ಹಾಗೆ ಎಳೆದೆಳೆದು ನಿಲ್ಲುತ್ತದೆ. ಕಾಲು ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಮೆಕ್ಯಾನಿಕ್ ಎಂಜಿನ್ ಇಳಿಸಬೇಕು, ಬೋರಿಂಗ್ ಮಾಡಿಸಬೇಕು, ಅಂದರೆ ಸವೆದ ಸಿಲಿಂಡರ್ ಒಳಗೆ ಕೊರೆಸಿ ಹೊಸ ಪಿಸ್ಟನ್ ಹಾಕಿಸಬೇಕು ಅಂತಾರೆ. ನನಗೆ ಸ್ಪ್ಯಾನರ್ ಹಿಡಿಯೋದು ಬಿಟ್ಟರೆ ಜಾಸ್ತಿ ಏನೂ ಗೊತ್ತಿಲ್ಲ. ಮನೆಯಲ್ಲೇ ನೋಡಿಕೊಳ್ಳಬಹುದಾ? ಇಂಥ ಗಾಡಿ ಇಟ್ಟುಕೊಂಡವರು ಅನುಭವ ಹೇಳಿ.

ಮೈಸೂರಿನಿಂದ:

ಎಂಜಿನ್ ಇಳಿಸಬೇಡಿ ಸರ್. ಎರಡನೇ ಕಿಕ್ಕಿಗೆ ಏಳುವ ಗಾಡಿಗೆ ಬೋರಿಂಗ್ ಯಾಕೆ? ಪಿಸ್ಟನ್ ತೀರಾ ಸವೆದಿದ್ದರೆ ಬೆಳಿಗ್ಗೆ ತಣ್ಣಗಿದ್ದಾಗಲೇ ಸತಾಯಿಸುತ್ತದೆ. ನಿಮ್ಮದು ಓಡಿದ ಮೇಲೆ ಬರುವ ಕಾಯಿಲೆ. ಅದರಲ್ಲೂ ಎರಡು ಥರ ಇದೆ. ಬಿಸಿಯಾಗಿದ್ದಕ್ಕೆ ನಿಲ್ಲುವುದು ಒಂದು, ಪೆಟ್ರೋಲ್ ಸಾಲದೆ ನಿಲ್ಲುವುದು ಇನ್ನೊಂದು. ಮೇಲಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಇದೇ ಕಾಯಿಲೆಗೆ ಬೋರಿಂಗ್ ಮಾಡಿಸಿ ಮೂರ್ಖನಾದವನು ನಾನು. ನಮ್ಮೂರಲ್ಲೇ ತಯಾರಾದ ಗಾಡಿ, ಯಾದವಗಿರಿ ಫ್ಯಾಕ್ಟರಿಯದ್ದು. ಎಲ್ಲರಿಗೂ ಗೊತ್ತಿರುತ್ತದೆ ಅಂತ ಒಬ್ಬರ ಗ್ಯಾರೇಜಿಗೆ ಬಿಟ್ಟೆ. ಬೋರ್ ಆಯಿತು, ಹೊಸ ಪಿಸ್ಟನ್, ರಿಂಗ್ ಬಿತ್ತು. ತಂದು ನಂಜನಗೂಡು ರಸ್ತೆಯಲ್ಲಿ ಓಡಿಸಿದರೆ ಎಂಟನೇ ಕಿಲೋಮೀಟರಿಗೆ ಮತ್ತೆ ನಿಂತಿತು. ಟೀ ಅಂಗಡಿ ಮುಂದೆ ಕೂತಿದ್ದ ಯಜಮಾನರೊಬ್ಬರು ಎದ್ದು ಬಂದು, ಒಂದು ಮಾತೂ ಆಡದೆ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡಿತು. "ಈಗ ಹೊಡಿ ಕಿಕ್ಕು" ಅಂದರು. ಎದ್ದಿತು!

ಮುಚ್ಚಳದಲ್ಲಿ ಗಾಳಿ ಆಡೋಕೆ ಒಂದು ಸಣ್ಣ ತೂತಿದೆ. ನನ್ನದರಲ್ಲಿ ಅದು ಧೂಳು, ಪಾಲಿಶ್ ಸೇರಿ ಮುಚ್ಚಿಹೋಗಿತ್ತು. ಪೆಟ್ರೋಲ್ ಕೆಳಗೆ ಇಳಿದಷ್ಟು ಗಾಳಿ ಮೇಲಿಂದ ಬರದಿದ್ದರೆ ಪೆಟ್ರೋಲ್ ಇಳಿಯೋದೇ ನಿಲ್ಲುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟರೆ ಹೇಗೋ ಗಾಳಿ ನುಸುಳಿ ಸರಿಹೋಗುತ್ತದೆ. ಸೇಫ್ಟಿ ಪಿನ್ನಿನಲ್ಲಿ ಚುಚ್ಚಿದೆ, ಮುಗಿಯಿತು. ಬೋರಿಂಗಿಗೆ ಕೊಟ್ಟ ದುಡ್ಡಿನ ವಿಷಯ ಮನೆಯಲ್ಲಿ ಇವತ್ತಿಗೂ ಎತ್ತುವ ಹಾಗಿಲ್ಲ.

ನಿಮ್ಮದೂ ಅದೇ ಅಂತ ಹೇಳುತ್ತಿಲ್ಲ. ಆದರೆ ಗಾಡಿ ನಿಂತ ಜಾಗದಲ್ಲೇ, ನಿಂತ ತಕ್ಷಣ ನೋಡಬೇಕು. ಮನೆಗೆ ತಳ್ಳಿಕೊಂಡು ಬಂದು ನೋಡಿದರೆ ಏನೂ ಸಿಗುವುದಿಲ್ಲ. ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಮಗುವಿನ ಜ್ವರ ಇಳಿದಿರುತ್ತಲ್ಲ, ಹಾಗೆ.

ಮೊದಲು ಕೈಯಲ್ಲೇ ಕಿಕ್ಕರ್ ಮೆಲ್ಲಗೆ ಒತ್ತಿ. ಗಟ್ಟಿಯಾಗಿ ಕೂತಿದ್ದರೆ ಪಿಸ್ಟನ್ ಸೀಜ್ ಆಗುತ್ತಿದೆ, ಬಿಸಿಗೆ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತಿದೆ ಅಂತ ಅರ್ಥ, ಮುಂದೆ ಓಡಿಸಲೇಬೇಡಿ. ಇದು ಟು ಸ್ಟ್ರೋಕ್ ಎಂಜಿನ್, ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಪಿಸ್ಟನ್ ಜಾರುವ ಹಾಗೆ ಮಾಡುವುದು, ಹಾಗಾಗಿ ಎಷ್ಟು ಬೆರೆಸುತ್ತಿದ್ದೀರಿ ನೋಡಿಕೊಳ್ಳಿ. ನಾನು ಲೀಟರಿಗೆ 40 ಎಂ.ಎಲ್. 2ಟಿ (ಟು ಸ್ಟ್ರೋಕ್) ಆಯಿಲ್ ಹಾಕುತ್ತೇನೆ, ಅಂದರೆ 25ಕ್ಕೆ 1. ಹೊಗೆ ಬರುತ್ತದೆ, ಬರಲಿ. ಈಗಿನ ಬಂಕುಗಳಲ್ಲಿ ಟು ಸ್ಟ್ರೋಕ್ ಅಂದರೇನು ಅಂತ ಕೇಳುವ ಹುಡುಗರಿದ್ದಾರೆ. ಹಾಗಾಗಿ ಅಳತೆಯ ಡಬ್ಬಿ ನನ್ನ ಹತ್ತಿರವೇ ಇರುತ್ತದೆ.

ಕಿಕ್ಕರ್ ಸಲೀಸಾಗಿ ಇಳಿಯಿತಾ? ಹಾಗಾದರೆ ಮುಚ್ಚಳ ತೆಗೆದು ಕಿಕ್ ಹೊಡೆಯಿರಿ. ತಕ್ಷಣ ಎದ್ದರೆ ತೂತಿನ ಸಮಸ್ಯೆ. ಏಳಲಿಲ್ಲ ಅಂದರೆ ಮುಚ್ಚಳ ವಾಪಸ್ ಹಾಕಿ ಪ್ಲಗ್ ಬಿಚ್ಚಿ. ಅದರ ವೈರಿನ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಸಿಲಿಂಡರಿಗೆ ತಾಗಿಸಿ ಇಟ್ಟು, ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ಪ್ಲಗ್ಗು ಬಿಸಿ ಇರುತ್ತದೆ, ಬಟ್ಟೆ ಹಿಡಿಯಿರಿ. ಅದನ್ನು ಪ್ಲಗ್ ತೂತಿನಿಂದ ದೂರ ಇಡಿ, ಒಳಗಿಂದ ಪೆಟ್ರೋಲ್ ಆವಿ ಬರುತ್ತದೆ. ಕಿಡಿ ನೀಲಿಯಾಗಿ ಚಟ್ ಚಟ್ ಅಂದರೆ ಕರೆಂಟು ಸರಿಯಿದೆ. ಹಳದಿಯಾಗಿ ಸಪ್ಪಗಿದ್ದರೆ, ಅಥವಾ ಇಲ್ಲವೇ ಇಲ್ಲ ಅಂದರೆ, ಪಾಯಿಂಟು (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್ಚು) ಇಲ್ಲವೇ ಅದರ ಜೊತೆಗಿರುವ, ಪಾಯಿಂಟು ಸುಡದ ಹಾಗೆ ಕಾಯುವ ಕಂಡೆನ್ಸರ್ ಮೇಲೆ ನನ್ನ ಅನುಮಾನ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದಾಗ ಕೈಕೊಡುವುದು ಹಳೇ ಕಂಡೆನ್ಸರಿನ ಚಾಳಿ.

ಕೊನೆಗೆ ಪೆಟ್ರೋಲ್. ಇದನ್ನು ಕಿಡಿ ನೋಡಿದ ಮೇಲೆಯೇ ಮಾಡಿ, ಮುಂಚೆ ಅಲ್ಲ. ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ ಕಿಡಿ ಹಾರಿಸಿ ತೋಟದ ಪಕ್ಕ ಬೆಂಕಿ ಹಚ್ಚಬೇಡಿ. ಎಂಜಿನ್ ಸ್ವಲ್ಪ ಆರಲಿ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿಗೆ ಹೋಗುವ ಪೈಪು ಕಿತ್ತು ಬಾಟಲಿಗೆ ಬಿಟ್ಟು ನೋಡಿ. ಧಾರೆಯಾಗಿ ಬರಬೇಕು. ತೊಟ್ಟಿಕ್ಕುತ್ತಿದ್ದರೆ ಉತ್ತರ ಸಿಕ್ಕಿತು.

ಪಾಯಿಂಟ್ ಕೆಲಸ ಮನೆಯಲ್ಲೇ ಮಾಡಬಹುದು. ಬಲಗಡೆ ಕವರ್ ತೆಗೆದರೆ ಡೈನಮೋ, ಅದರ ಜೊತೆಗೇ ಪಾಯಿಂಟು ಕಾಣುತ್ತದೆ. ಪ್ಲಗ್ ತೆಗೆದು, ಸೆಂಟರ್ ಸ್ಟ್ಯಾಂಡ್ ಹಾಕಿ, ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರ ಮೆಲ್ಲಗೆ ತಿರುಗಿಸಿ. ಪಾಯಿಂಟು ತೆರೆದು ಮುಚ್ಚುವುದು ಕಣ್ಣಿಗೆ ಕಾಣುತ್ತದೆ. ಪೂರ್ತಿ ತೆರೆದಾಗ 0.4 ಮಿ.ಮೀ. ಗ್ಯಾಪ್ ಇರಬೇಕು. ಗ್ಯಾಪ್ ಅಳೆಯುವ ತೆಳು ಬ್ಲೇಡುಗಳ ಫೀಲರ್ ಗೇಜ್ ತಗೊಳ್ಳಿ, ದೊಡ್ಡ ಖರ್ಚಲ್ಲ. ಬ್ಲೇಡು ಸಿಕ್ಕಿಸಿ ಎಳೆದಾಗ ಹೊಸ ನೋಟಿನ ಕಟ್ಟಿನಿಂದ ಒಂದು ನೋಟು ಎಳೆದಷ್ಟು ಹಿಡಿತ ಸಿಗಬೇಕು, ಅಷ್ಟೇ. ಪಾಯಿಂಟಿನ ಮುಖ ಕಪ್ಪಾಗಿದ್ದರೆ ತೆಳು ಎಮರಿ ಪೇಪರ್ ಆಡಿಸಿ, ಆಮೇಲೆ ದಪ್ಪ ಕಾಗದದ ಚೂರು ನಡುವೆ ಎಳೆದು ಪುಡಿ ತೆಗೆಯಿರಿ. ಒಂದು ಕಡೆ ಗುಂಡಿ, ಇನ್ನೊಂದು ಕಡೆ ಉಬ್ಬು ಎದ್ದಿದ್ದರೆ ಕಂಡೆನ್ಸರ್ ಸಹ ಬದಲಾಯಿಸಿ. ಅಲ್ಲೇ ಇರುವ ಕಾರ್ಬನ್ ಬ್ರಷ್ಷುಗಳನ್ನೂ ನೋಡಿಬಿಡಿ. ಸವೆದಿದ್ದರೆ ಡೈನಮೋ ಚಾರ್ಜ್ ಮಾಡುವುದಿಲ್ಲ, ಹೊಸ ಬ್ಯಾಟರಿ ಹಾಕಿದ್ದೂ ವೇಸ್ಟ್. ನಿಮ್ಮದು 6 ವೋಲ್ಟ್ ಗಾಡಿ. ಅಂಗಡಿಯವರು 12ರ ಬಲ್ಬ್ ಕೊಟ್ಟುಬಿಡುತ್ತಾರೆ, ಹುಷಾರು.

ಇನ್ನೊಂದು ಮಾತು. ಚಪ್ಪಲಿ ಹಾಕಿಕೊಂಡು ಕಿಕ್ ಹೊಡೆಯಬೇಡಿ. ನಮ್ಮ ಗಾಡಿಯಲ್ಲಿ ಗೇರು, ಕಿಕ್ಕರ್ ಎರಡೂ ಒಂದೇ ಲಿವರ್, ಅದು ತಿರುಗಿ ಒದ್ದರೆ ಒಂದು ವಾರ ಮೊಣಕಾಲ ಕೆಳಗೆ ಎಣ್ಣೆ ಹಚ್ಚಿಕೊಂಡು ಕೂರಬೇಕು.

ಹುಬ್ಬಳ್ಳಿಯಿಂದ:

ಮೈಸೂರಿನವರು ಮುಚ್ಚಳ, ಕಂಡೆನ್ಸರ್ ಅಂದರು. ನನಗೆ ಅನುಮಾನ ಟ್ಯಾಂಕಿನ ಮೇಲೆ. ಒಂಬತ್ತು ವರ್ಷ, ಅದೂ ಮಲೆನಾಡಿನ ತೇವದಲ್ಲಿ ನಿಂತ ಗಾಡಿ. ಮೊಬೈಲ್ ಟಾರ್ಚ್ ಬಿಟ್ಟು ಟ್ಯಾಂಕಿನ ಒಳಗೆ ನೋಡಿ. ಇಟ್ಟಿಗೆ ಪುಡಿ ಬಣ್ಣ ಕಂಡರೆ ಬೇರೆ ಏನೂ ಹುಡುಕಬೇಡಿ. ಓಡುತ್ತಾ ಓಡುತ್ತಾ ತುಕ್ಕು ಬಂದು ಕಾಕಿನ (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ) ಜಾಲರಿಗೆ ಅಂಟಿಕೊಳ್ಳುತ್ತದೆ. ಗಾಡಿ ನಿಂತಾಗ ಕೆಳಗೆ ಉದುರುತ್ತದೆ. ಮತ್ತೆ ಸ್ಟಾರ್ಟ್!

ತೊಳೆಯಲು ಟಾಯ್ಲೆಟ್ ಆಸಿಡ್ ಹಾಕಿಬಿಡಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬೇಡ. ನಾನು ಹಾಕಿದ್ದೆ. ತುಕ್ಕಿನ ಜೊತೆ ತಗಡೂ ಹೋಯಿತು, ತಳದಲ್ಲಿ ಎರಡು ಕಡೆ ಸೋರಿಕೆ. ಎರಡನೇ ಸಲ ಬಿಳಿ ವಿನೆಗರ್ ತುಂಬಿಸಿ ಎರಡು ದಿನ ಬಿಟ್ಟೆ. ಒಳಗೆ ಹಿಡಿ ನಟ್ಟು ಹಾಕಿ ಕುಲುಕಿದೆ. ಹಾಕುವಾಗ ಎಣಿಸಿಕೊಳ್ಳಿ, ತೆಗೆಯುವಾಗ ಲೆಕ್ಕ ಸಿಗಬೇಕು! ಆಮೇಲೆ ಅಡುಗೆ ಸೋಡಾ ನೀರು, ಒಳ್ಳೆ ನೀರು, ಬಿಸಿಲು. ಒಣಗಿದ ತಕ್ಷಣ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಎಲ್ಲಾ ಕಡೆ ಆಡಿಸಿ. ಸಂಜೆ ಹಾಕೋಣ ಅಂತ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪಗಾಗಿರುತ್ತದೆ.

ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೇ ರಬ್ಬರನ್ನೂ ಉಬ್ಬಿಸುತ್ತದೆ. ಪೈಪು ಹೊಸದು ಹಾಕಿ. ಎರಡು ವಾರ ಗಾಡಿ ತೆಗೆಯೋಲ್ಲ ಅಂದರೆ ಕಾಕು ಬಂದ್ ಮಾಡಿ, ಕಾರ್ಬುರೇಟರಿನಲ್ಲಿ ಇರುವಷ್ಟು ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ.

ತುಮಕೂರಿನಿಂದ:

ನಾನು ತಾತನ ಜಾವಾ ಓಡಿಸುತ್ತೇನೆ, ಯೆಜ್ಡಿಗೂ ಮುಂಚೆ ಅದೇ ಫ್ಯಾಕ್ಟರಿಯಿಂದ ಬಂದ ಗಾಡಿ. ಮೇಲಿನ ಇಬ್ಬರೂ ಹೇಳದ ಒಂದು ವಿಷಯ, ಸ್ಕ್ರೂ. ಐವತ್ತು ವರ್ಷದ ಕವರ್ ಸ್ಕ್ರೂಗಳು ಸುಲಭಕ್ಕೆ ಬರುವುದಿಲ್ಲ. ಸಣ್ಣ ಸ್ಕ್ರೂಡ್ರೈವರ್ ಇಟ್ಟು ಜೋರು ಮಾಡಿದರೆ ತಲೆ ಕಿತ್ತುಹೋಗುತ್ತದೆ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಸುತ್ತಿಗೆಯಿಂದ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಸಿಗುತ್ತದೆ, ಅದೊಂದು ತಗೊಳ್ಳಿ. ಪ್ಲಗ್ಗನ್ನು ಯಾವಾಗಲೂ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ. ಅದು ಕೂರುವ ಸಿಲಿಂಡರಿನ ಹೆಡ್ಡು ಅಲ್ಯೂಮಿನಿಯಂ. ನಾನು ಅವಸರದಲ್ಲಿ ಓರೆಯಾಗಿ ಸ್ಪ್ಯಾನರ್ ಹಾಕಿ ಥ್ರೆಡ್ ಹಾಳು ಮಾಡಿ, ಲೇತ್ ಅಂಗಡಿಗೆ ಹೆಡ್ಡು ಹೊತ್ತಿದ್ದೇನೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ಲಗ್ಗು, ಕಂಡೆನ್ಸರ್, ಕಾರ್ಬುರೇಟರಿನ ಜೆಟ್ಟು (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗಲ್ಲ, ಅಲ್ವಾ?

ಮತ್ತೆ ಗೇರ್‌ಬಾಕ್ಸ್ ಆಯಿಲ್ ನೋಡುತ್ತಿರಿ. ಹೊರಗೆ ಎಲ್ಲೂ ಸೋರದೆ ಲೆವೆಲ್ ಇಳಿಯುತ್ತಿದ್ದರೆ, ಜೊತೆಗೆ ಬಿಳಿ ಹೊಗೆ ಮೋಡದ ಹಾಗೆ ಬಂದರೆ, ಎಂಜಿನ್ ಒಳಗಿನ ಕ್ರ್ಯಾಂಕಿನ ಕಡೆಗೆ ಗೇರ್‌ಬಾಕ್ಸ್ ಆಯಿಲ್ ನುಗ್ಗದಂತೆ ತಡೆಯುವ ರಬ್ಬರ್ ಆಯಿಲ್ ಸೀಲ್ ಹೋಗಿದೆ ಅಂತ ಅನುಮಾನ ಪಡಿ. ಅದು ಮಾತ್ರ ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಪಾರ್ಟ್ಸ್ ಕೇಳುವಾಗ "ಹಳೇ ಟು ಸ್ಟ್ರೋಕ್ ಯೆಜ್ಡಿ" ಅಂತಲೇ ಹೇಳಿ. 2022ರಲ್ಲಿ ಬಂದ ಹೊಸ ಯೆಜ್ಡಿ ಫೋರ್ ಸ್ಟ್ರೋಕ್, ಹೆಸರು ಬಿಟ್ಟರೆ ಸಂಬಂಧವೇ ಇಲ್ಲ. ಜುಲೈ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಜಾವಾ ಯೆಜ್ಡಿ ದಿನ ಆಗುತ್ತದೆ, ಬನ್ನಿ. ಎಲ್ಲಿ ಏನು ಸಿಗುತ್ತದೆ ಅಂತ ಅಲ್ಲಿ ಕೇಳಿದರೆ ನಾಲ್ಕು ಜನ ಒಟ್ಟಿಗೆ ಹೇಳುತ್ತಾರೆ.

ಕೇಳಿದವರು, ಮತ್ತೆ:

ಮೂವರಿಗೂ ಥ್ಯಾಂಕ್ಸ್. ಭಾನುವಾರ ಬೇಕಂತಲೇ ನಿಲ್ಲುವವರೆಗೆ ಓಡಿಸಿದೆ. ಕಿಕ್ಕರ್ ಸಲೀಸು. ಮುಚ್ಚಳ ತೆಗೆದೆ, ಉಸ್ಸ್ ಬರಲಿಲ್ಲ, ಎದ್ದೂ ಇಲ್ಲ. ಕಿಡಿ ನೀಲಿ. ಪೈಪು ಕಿತ್ತು ಬಾಟಲಿಗೆ ಬಿಟ್ಟರೆ ಮೊದಲು ಸ್ವಲ್ಪ ಧಾರೆ, ಆಮೇಲೆ ತೊಟ್ಟು ತೊಟ್ಟು. ಮನೆಗೆ ತಂದು ಟ್ಯಾಂಕ್ ಖಾಲಿ ಮಾಡಿ ಕಾಕು ಬಿಚ್ಚಿದೆ. ಜಾಲರಿ ಇದೆಯೋ ಇಲ್ಲವೋ ಅಂತ ಗೊತ್ತಾಗದಷ್ಟು ಕೆಂಪು ಕೆಸರು. ಹುಬ್ಬಳ್ಳಿಯವರು ಗೆದ್ದರು.

ವಿನೆಗರ್ ತುಂಬಿಸಿ ಎರಡು ದಿನ ಇಟ್ಟೆ. ಹದಿನೆಂಟು ನಟ್ಟು ಹಾಕಿದ್ದೆ, ಹದಿನೇಳು ಬಂತು. ಇನ್ನೊಂದಕ್ಕೆ ಅಪ್ಪನೂ ನಾನೂ ಟ್ಯಾಂಕ್ ತಲೆಕೆಳಗೆ ಮಾಡಿ ಒಂದು ಗಂಟೆ ಕುಣಿಸಿದೆವು. ನಿನ್ನೆ ಹಾನುಬಾಳಿಗೆ ಹೋಗಿ ಬಂದೆ, ಎಲ್ಲೂ ನಿಲ್ಲಲಿಲ್ಲ. ಪಾಯಿಂಟಿಗೆ ಕೈ ಹಾಕಿಲ್ಲ, ಫೀಲರ್ ಗೇಜ್ ತಂದಿಟ್ಟಿದ್ದೇನೆ. ಹಾರ್ನ್ ಮಾತ್ರ ಇನ್ನೂ ಕುರಿ ಕೆಮ್ಮಿದ ಹಾಗೆ ಹೊಡೆಯುತ್ತಿದೆ. ಅದಕ್ಕೇನು ಮಾಡಲಿ?