ಅಪ್‌ಡೇಟ್: ತೀರ್ಥಹಳ್ಳಿ ಮಳೆಯಲ್ಲಿ ಸುಗಂಧರಾಜದ ಸೆಂಟು

ಹೋದ ತಿಂಗಳು ಇಲ್ಲಿ ಕೇಳಿದ್ದೆ, ಫ್ರೆಡೆರಿಕ್ ಮಾಲ್ ಕಂಪನಿಯ ಕಾರ್ನಲ್ ಫ್ಲವರ್ ಅನ್ನುವ ಸುಗಂಧರಾಜದ ಸೆಂಟಿನ ಸ್ಯಾಂಪಲ್ ಸಿಕ್ಕಿದೆ, ನಮ್ಮ ತೀರ್ಥಹಳ್ಳಿಯ ಮಳೆಗಾಲಕ್ಕೆ ಘಾಟು ಜಾಸ್ತಿ ಆಗುತ್ತಾ ಅಂತ. ಒಂದೇ ಸ್ಪ್ರೇ ಸಾಕು, ಹಾಕಿದ ಮೇಲೆ ಮಣಿಕಟ್ಟು ಉಜ್ಜಬೇಡಿ ಅಂತ ನೀವೆಲ್ಲ ಅಂದಿರಿ. ಮೂರು ವಾರ ಹಾಕಿ ನೋಡಿದೆ.

ಮೊದಲ ಐದು ನಿಮಿಷ ಹೂವೇ ಅಲ್ಲ. ನೀಲಗಿರಿ ಎಲೆ ಕೈಯಲ್ಲಿ ಮುರಿದ ಹಾಗೆ, ಹಸಿರು, ತಣ್ಣಗೆ. ಆಮೇಲೆ ಸುಗಂಧರಾಜ ನಿಧಾನಕ್ಕೆ ಅರಳುತ್ತದೆ. ಮದುವೆ ಮನೆಯಲ್ಲಿ ಬಾಳೆ ಎಲೆಯೊಳಗೆ ಸುತ್ತಿಟ್ಟ ಹಾರ ಬಿಚ್ಚಿದಾಗ ಬರುತ್ತಲ್ಲ, ಒದ್ದೆ ತೊಟ್ಟಿನ ವಾಸನೆ ಸಮೇತ, ಅದೇ ಪರಿಮಳ! ಕೊನೆಗೆ ಆಗಷ್ಟೇ ತುರಿದ ತೆಂಗಿನಕಾಯಿಯ ಹಿತ. 2005ರಲ್ಲಿ ಆ ಕಂಪನಿಗಾಗಿ ಸೆಂಟು ತಯಾರಕ ಡೊಮಿನಿಕ್ ರೋಪಿಯೋಂ ಮಾಡಿದ ಸೆಂಟು ಇದು. ಹೂವಿನಿಂದಲೇ ತೆಗೆದ ಸಾರ ಹಾಕಿದ್ದಾರೆ. ಮೂಗಿಗೆ ಅದು ಗೊತ್ತಾಗುತ್ತದೆ.

ಒಂದು ದಿನ ಮಾತ್ರ ತಪ್ಪು ಮಾಡಿದೆ. ಶಿವಮೊಗ್ಗಕ್ಕೆ ಹೊರಟಾಗ ಮೂರು ಸ್ಪ್ರೇ ಹೊಡೆದುಕೊಂಡೆ. ಮಳೆ ಅಂತ ಬಸ್ಸಿನ ಕಿಟಕಿ ಎಲ್ಲ ಮುಚ್ಚಿತ್ತು. ಪಕ್ಕದ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ತಲೆ ಸಿಡೀತಿದೆ ಮಗಾ" ಅಂದರು. ತುಂಬಾ ಬೇಜಾರಾಯಿತು. ಕಿಟಕಿ ಸ್ವಲ್ಪ ಸರಿಸಿ, ಮಳೆಗೆ ಒದ್ದೆಯಾಗುತ್ತಲೇ ಕೂತೆ. ಅವತ್ತಿಂದ ಬಸ್ಸಿಗೆ ಹಾಕುವುದಿಲ್ಲ.

ಮನೆಯಲ್ಲಿ ಸಂಜೆ ಹೊತ್ತು ಒಂದೇ ಸ್ಪ್ರೇ. ಜಗಲಿಯಲ್ಲಿ ಕೂತು ಮಳೆ ನೋಡುವಾಗ ಇದಕ್ಕಿಂತ ಚೆಂದದ್ದು ನನಗೆ ಸಿಕ್ಕಿಲ್ಲ. ಶಾಲಿನಲ್ಲಿ ಮಾರನೇ ದಿನವೂ ಪರಿಮಳ ಇತ್ತು. ಅಮ್ಮ ಅದನ್ನು ಒಗೆಯಲು ಬಿಡಲಿಲ್ಲ. ದೊಡ್ಡ ಬಾಟಲಿ ಬೇಡ ಅಂತ 10 ಎಂ.ಎಲ್. ತರಿಸುತ್ತಿದ್ದೇನೆ, ಇಬ್ಬರಿಗೂ.